ಮುಂಬೈ ಬಿಡುವ ವಾರ

ಬುಧವಾರ

ವೇಟಿಂಗ್ ಲಿಸ್ಟಿನಲ್ಲಿದ್ದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಟಿಕೆಟ್ ಇವತ್ತು ಕನ್‌ಫರ್ಮ್ ಆಯಿತು. ಮಗಳು ಆಫೀಸಿನಿಂದಲೇ ಮೆಸೇಜ್ ಹಾಕಿದಳು: "ಅಮ್ಮ, ಲೋವರ್ ಬರ್ತ್ ಸಿಕ್ಕಿದೆ. ಭಾನುವಾರ." ಓದಿ ಫೋನ್ ಕೆಳಗಿಟ್ಟೆ. ಕುಕ್ಕರ್ ಮೂರು ಸಲ ಕೂಗುವ ತನಕ ಒಲೆಯ ಮುಂದೆ ಹಾಗೇ ನಿಂತಿದ್ದೆ.

ಮೊಮ್ಮಗ ಹುಟ್ಟಿದಾಗ ಬಾಣಂತನಕ್ಕೆಂದು ಬಂದವಳು ನಾನು. ಕೆಲವು ತಿಂಗಳು ಇದ್ದು ಹೋಗುವ ಲೆಕ್ಕ. ಆಮೇಲೆ ಮಗಳು ಮತ್ತೆ ಕೆಲಸಕ್ಕೆ ಸೇರಿದಳು, ಮಗುವನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ ಅಂತ ಉಳಿದೆ. ಅವನು ಅಂಬೆಗಾಲಿಟ್ಟ, ನಡೆದ, ಮಾತು ಕಲಿತ. ಈಗ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಶಾಲೆಗೂ ಹೋಗುತ್ತಾನೆ. ಅಷ್ಟೂ ದಿನ ನಮ್ಮನೆಯವರು ಕುಂದಾಪುರದ ಹತ್ತಿರ ನಮ್ಮ ಹಳ್ಳಿಯಲ್ಲಿ ತೋಟ, ದನ ಅಂತ ಒಬ್ಬರೇ ಇದ್ದರು. ಈಗ ಮೈದುನನ ಮಗಳ ಮದುವೆ ನಿಶ್ಚಯವಾಗಿದೆ, ಹೋಗಲೇಬೇಕು. ಅಳಿಯನಿಗೆ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ವರ್ಗ. ಮಾಟುಂಗಾದ ಈ ಬಾಡಿಗೆ ಮನೆ ಖಾಲಿಯಾಗುತ್ತದೆ. ಇನ್ನು ಮಕ್ಕಳನ್ನು ನೋಡಬೇಕೆಂದರೆ ಬೆಂಗಳೂರಿನ ಬಸ್ಸು ಹತ್ತಬೇಕು. ಮುಂಬೈಗೆ ಬರಲು ನನಗೊಂದು ನೆಪವೂ ಇರುವುದಿಲ್ಲ.

ಮೊಮ್ಮಗ ಶಾಲೆಯಲ್ಲಿರುವ ಹೊತ್ತಿಗೆ ಪೇಟೆ ಕೆಲಸ ಮುಗಿಸೋಣ ಅಂತ ಹೊರಟೆ. ಮಾಟುಂಗಾ ಸ್ಟೇಷನ್ನಿನ ಹೊರಗೆ ತೆಲಂಗ್ ರೋಡ್ ಕಡೆ ಹೂವಿನವರು ಸಾಲಾಗಿ ಕೂತಿರುತ್ತಾರೆ. ಅವರನ್ನು ದಾಟಿದರೆ ಬಾಳೆಎಲೆ, ಬಾಳೆದಿಂಡು, ಕೆಸುವಿನೆಲೆ, ಮಂಗಳೂರು ಸೌತೆ. ಬಂದ ಹೊಸತರಲ್ಲಿ ಇದನ್ನೆಲ್ಲ ನೋಡಿ ನನಗೆ ಎಷ್ಟು ಸಮಾಧಾನವಾಗಿತ್ತು ಅಂದರೆ, ಬೇಕಿಲ್ಲದಿದ್ದರೂ ಒಂದು ಕಟ್ಟು ಕೆಸುವಿನೆಲೆ ಕೊಂಡು ಮನೆಗೆ ಬಂದಿದ್ದೆ. ಪತ್ರೊಡೆ ಮಾಡಿದೆ, ಪಕ್ಕದ ಮನೆಯ ಗುಜರಾತಿ ಅಜ್ಜಿಗೂ ಕೊಟ್ಟೆ. ಅವರು ತಿಂದು, "ಇದು ನಮ್ಮ ಪಾತ್ರಾ ಅಲ್ವಾ!" ಅಂದರು. ಅಲ್ಲಿಂದ ಶುರುವಾದದ್ದು ನಮ್ಮ ಸ್ನೇಹ.

ಕಾಫಿಪುಡಿ ಅಂಗಡಿಯವರು ನನ್ನನ್ನು ಕಂಡ ಕೂಡಲೇ ಬೀಜ ತೂಗಲು ಶುರು ಮಾಡಿದರು. ನಾನು ಒಂದು ಕಿಲೋ ಅಂದೆ. ಯಾವಾಗಲೂ ಕಾಲು ಕಿಲೋ ತಗೊಳ್ಳುವವಳು. ಅವರು ತಲೆಯೆತ್ತಿ ನೋಡಿದರು. "ಊರಿಗಾ?" ಹೌದು ಅಂದೆ. ಮತ್ತೇನೂ ಕೇಳಲಿಲ್ಲ. ಪುಡಿ ಮಾಡಿ, ಎರಡು ಪ್ಯಾಕೆಟ್ ಒಂದರೊಳಗೊಂದು ಹಾಕಿ, ಬಾಯಿಗೆ ಬಿಗಿಯಾಗಿ ರಬ್ಬರ್ ಬ್ಯಾಂಡ್ ಸುತ್ತಿ ಕೊಟ್ಟರು. "ರೈಲಿನಲ್ಲಿ ವಾಸನೆ ಹೋಗಬಾರದು ನೋಡಿ."

ಹನ್ನೊಂದೂವರೆಗೆ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಮೆಟ್ಟಿಲು ಹತ್ತಿದೆ. ಎ. ರಾಮ ನಾಯಕರು 1942ರಲ್ಲಿ ಶುರು ಮಾಡಿದ ಊಟದ ಹೋಟೆಲು, ಸ್ಟೇಷನ್ನಿನ ಹತ್ತಿರವೇ. ತಡವಾದರೆ ಸಾಲಿನಲ್ಲಿ ನಿಲ್ಲಬೇಕು. ಬಾಳೆಎಲೆ ಹಾಕಿದರು, ಪಲ್ಯ, ಸಾರು, ಹುಳಿ ಬಂತು. ಎದುರಿಗೆ ಕೂತವರು ಯಾರೋ ಬ್ಯಾಂಕಿನವರಿರಬೇಕು, ಕುತ್ತಿಗೆಯಲ್ಲಿ ಐಡಿ ಕಾರ್ಡ್ ನೇತಾಡುತ್ತಿತ್ತು. ಇಬ್ಬರೂ ಮಾತಾಡದೆ ಊಟ ಮಾಡಿದೆವು. ಊರಲ್ಲಿ ನಾನು ಒಬ್ಬಳೇ ಹೋಟೆಲಿಗೆ ಹೋಗಿ ಎಲೆಯ ಮುಂದೆ ಕೂತವಳೇ ಅಲ್ಲ. ಗಂಡ ಇರಬೇಕು, ಇಲ್ಲ ಮದುವೆ ಜವಳಿಗೆ ಹೋದ ಹೆಂಗಸರ ಗುಂಪಿರಬೇಕು. ಇಲ್ಲಿ ಮೊದಲ ಸಲ ಒಬ್ಬಳೇ ಉಂಡ ದಿನ ಮನೆಗೆ ಬಂದು ಮಗಳ ಹತ್ತಿರ ಅದನ್ನೇ ಹೇಳಿದ್ದೆ. "ಅದಕ್ಕೇನಮ್ಮ?" ಅಂದಿದ್ದಳು ಅವಳು. ಅವಳಿಗೆ ಅದು ಏನೂ ಅಲ್ಲ. ನನಗೆ ದೊಡ್ಡದು.

ವಾಪಸ್ ಬರುವಾಗ ಭಾವು ದಾಜಿ ರಸ್ತೆ ಹಿಡಿದೆ. ಅಲ್ಲಿ ಮೈಸೂರು ಅಸೋಸಿಯೇಷನ್ ಇದೆ, 1926ರಲ್ಲಿ ಹುಟ್ಟಿದ್ದು. ಕನ್ನಡ ನಾಟಕ ಇದ್ದಾಗಲೆಲ್ಲ ಅಳಿಯ ಕರೆದುಕೊಂಡು ಹೋಗುತ್ತಿದ್ದ. ಇವತ್ತು ಗೇಟಿನೊಳಗೆ ಸದ್ದಿಲ್ಲ. ಬೋರ್ಡಿನಲ್ಲಿ ಮುಂದಿನ ತಿಂಗಳ ಕಾರ್ಯಕ್ರಮ ಹಾಕಿದ್ದರು. ಪೂರ್ತಿ ಓದಿದೆ, ದಿನಾಂಕ ಸಮೇತ.

ಗುರುವಾರ

ಮಗಳು ಇವತ್ತು ಮನೆಯಿಂದಲೇ ಕೆಲಸ ಮಾಡುತ್ತಾಳೆ. ಹಾಗಾಗಿ ಡೊಂಬಿವಲಿಗೆ ಹೊರಟೆ. ಅಲ್ಲಿ ನನ್ನ ಸೋದರಮಾವ ಇದ್ದಾರೆ. ಅವರಿಗೆ ಹೇಳದೆ ಹೋಗುವ ಹಾಗಿಲ್ಲ.

ನಮ್ಮ ಮಾಟುಂಗಾ ಸ್ಟೇಷನ್ ಬಗ್ಗೆ ನನಗೆ ಹೆಮ್ಮೆ ಇದೆ. 2017ರಲ್ಲಿ ಇದನ್ನು ಪೂರ್ತಿ ಹೆಂಗಸರ ಕೈಗೇ ಕೊಟ್ಟರು. ಸ್ಟೇಷನ್ ಮಾಸ್ಟರ್, ಟಿಕೆಟ್ ಕೊಡುವವರು, ಟಿಕೆಟ್ ನೋಡುವವರು, ಪೊಲೀಸರು ಎಲ್ಲ. ದೇಶದಲ್ಲಿ ಹೀಗೆ ಆದದ್ದು ಇಲ್ಲೇ ಮೊದಲು. ಫಾಸ್ಟ್ ಗಾಡಿ ಇಲ್ಲಿ ನಿಲ್ಲುವುದಿಲ್ಲ, ಸ್ಲೋ ಹಿಡಿಯಬೇಕು. ನನಗೆ ಅದೇ ಇಷ್ಟ.

ಲೇಡೀಸ್ ಡಬ್ಬಿ. ಬೆಳಗಿನ ರಶ್ ಮುಗಿದು ಹೊರಗಿನ ಕಡೆ ಹೋಗುವ ಗಾಡಿ ಹಗುರಾಗಿತ್ತು. ಆದರೂ ಸೀಟು ಖಾಲಿ ಇಲ್ಲ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಿಗೆ ತುದಿಯಲ್ಲಿ ಗೇಣು ಜಾಗ ಬಿಡುವುದು ಇಲ್ಲಿನ ರೂಢಿ. ಒಬ್ಬಾಕೆ ಸರಿದು ಕೂತಳು, ನಾನು ಒರಗಿದೆ. ಎದುರಿನವಳು ಪ್ಲಾಸ್ಟಿಕ್ ಚೀಲ ತೊಡೆಯ ಮೇಲಿಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದಳು. ಕಾಳು ಒಂದು ಕಡೆ, ಸಿಪ್ಪೆ ಇನ್ನೊಂದು ಚೀಲಕ್ಕೆ. ಕೈ ತನ್ನಷ್ಟಕ್ಕೆ ಓಡುತ್ತಿತ್ತು, ಕಣ್ಣು ಫೋನಿನ ಧಾರಾವಾಹಿಯ ಮೇಲೆ. ಓಲೆ, ಕ್ಲಿಪ್ಪು, ಸೇಫ್ಟಿ ಪಿನ್ ಮಾರುವ ಹುಡುಗಿ ಬಂದಳು. ಅವಳ ಸರಕೆಲ್ಲ ಒಂದು ದೊಡ್ಡ ರಟ್ಟಿನ ಮೇಲೆ ಸಾಲಾಗಿ ಚುಚ್ಚಿತ್ತು. ಯಾರೋ ಒಂದು ಜೊತೆ ಓಲೆ ಕಿವಿಗೆ ಹಿಡಿದು ಪಕ್ಕದ ಅಪರಿಚಿತಳನ್ನು ಕೇಳಿದಳು, ಹೇಗೆ ಕಾಣುತ್ತದೆ? ಬೇಡ, ಆ ಹಸಿರಿನದು ತಗೋ, ಅಂದಳು ಅವಳು. ಅದನ್ನೇ ಕೊಂಡಳು.

ಈ ಡಬ್ಬಿಯಲ್ಲಿ ಹೊಸಬರನ್ನು ಕೇಳುವ ಪ್ರಶ್ನೆ ಒಂದೇ. "ಕುಠೇ ಉತರ್ಣಾರ್?" ಎಲ್ಲಿ ಇಳಿಯುತ್ತೀರಿ? ನಿಮ್ಮ ಸೀಟು ಯಾವಾಗ ಖಾಲಿಯಾಗುತ್ತದೆ ಅಂತ ತಿಳಿಯಬೇಕು, ಅಷ್ಟೇ. ಯಾಕೆ ಹೋಗುತ್ತಿದ್ದೀರಿ, ಯಾರ ಮನೆಗೆ, ಜೊತೆಗೆ ಯಾರೂ ಬರಲಿಲ್ಲವಾ, ಗಂಡ ಎಲ್ಲಿ, ಇದೊಂದನ್ನೂ ಯಾರೂ ಕೇಳುವುದಿಲ್ಲ. ನಮ್ಮ ಊರಲ್ಲಿ ಮನೆಯಿಂದ ಬಸ್ ಸ್ಟಾಪಿಗೆ ಹೋಗುವಷ್ಟರಲ್ಲಿ ನಾಲ್ಕು ಜನರಿಗಾದರೂ ಉತ್ತರ ಕೊಡಬೇಕು. ಅವರದು ಪ್ರೀತಿಯೇ, ನನಗೆ ಗೊತ್ತು. ಮಳೆಗಾಲದಲ್ಲಿ ನಾನು ಜ್ವರ ಬಂದು ಮಲಗಿದಾಗ ಗಂಜಿ ತಂದವರೂ ಅವರೇ. ಆದರೆ ಐವತ್ತು ದಾಟಿದ ಮೇಲೆ ಈ ಊರಿಗೆ ಬಂದು, ಯಾರಿಗೂ ಏನೂ ಹೇಳದೆ ಒಂದು ಮಧ್ಯಾಹ್ನ ಸುಮ್ನೆ ಹೊರಗೆ ಹೋಗಿ ಬರಬಹುದು ಅಂತ ಗೊತ್ತಾಯಿತಲ್ಲ, ಅದು ನನಗೆ ಸಿಕ್ಕ ಆಸ್ತಿ. ಭಾನುವಾರ ನಾನು ಬಿಟ್ಟು ಹೋಗುವುದು ಅದನ್ನೇ. ಸಮುದ್ರ ನಮ್ಮಲ್ಲೂ ಇದೆ.

ಸಾಯನ್, ಕುರ್ಲಾ, ಘಾಟ್‌ಕೋಪರ್, ಮುಲುಂಡ್, ಠಾಣೆ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರ್‌ನಿಂದ 34 ಕಿಲೋಮೀಟರ್ ಓಡಿ ಬಂದು ನಿಂತದ್ದು ಈ ಠಾಣೆಯಲ್ಲೇ. ಠಾಣೆ ದಾಟಿದ ಮೇಲೆ ಖಾಡಿ, ಅಂದರೆ ಸಮುದ್ರದ ಹಿನ್ನೀರು, ಆಮೇಲೆ ಮುಂಬ್ರಾದ ಗುಡ್ಡ. ಅಲ್ಲಿ ಮಾತ್ರ ಕಿಟಕಿಯ ಗಾಳಿಯ ವಾಸನೆ ಬದಲಾಗುತ್ತದೆ.

ಮಾವನಿಗೆ ಎಂಬತ್ತರ ಮೇಲಾಯಿತು. ಅತ್ತೆ ತೀರಿಕೊಂಡ ಮೇಲೆ ಮಗನ ಜೊತೆ ಇದ್ದಾರೆ. ನಾನು ಸಣ್ಣವಳಿದ್ದಾಗ ಮುಂಬೈ ಅಂದರೆ ಈ ಮಾವ ತರುತ್ತಿದ್ದ ಮಾಹಿಮ್ ಹಲ್ವಾ. ತೆಳ್ಳಗಿನ ಚೌಕ ಚೌಕ ಹಾಳೆಗಳು, ನಡುನಡುವೆ ಬೆಣ್ಣೆ ಕಾಗದ. ಅಮ್ಮ ಅದನ್ನು ಎಣಿಸಿ ಹಂಚುತ್ತಿದ್ದಳು. ಕಾಗದವನ್ನು ನಾವು ನೆಕ್ಕುತ್ತಿದ್ದೆವು.

ಮಾವ ಮುಂಬೈಗೆ ಬಂದದ್ದು ಹುಡುಗನಾಗಿದ್ದಾಗ, 1950ರ ದಶಕದ ಕೊನೆಗೆ. ಆಗ ಕರಾವಳಿಯ ಹಲವು ಹೊಳೆಗಳಿಗೆ ಸೇತುವೆ ಇರಲಿಲ್ಲ. ಬಸ್ಸು ಇಳಿದು, ದೋಣಿ ದಾಟಿ, ಮತ್ತೆ ಬಸ್ಸು ಹತ್ತಿ ಬಂದವರು. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಕಪ್ಪು ತೊಳೆದರು, ಆಮೇಲೆ ಮಾಣಿಯಾದರು. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜು ಜೋಡಿಸಿ ಅದರ ಮೇಲೇ ಮಲಗುವುದು. ಸಂಜೆ ಎರಡು ಗಂಟೆ ಬಿಡುವು ಕೊಟ್ಟರೆ ಕನ್ನಡದ ರಾತ್ರಿ ಶಾಲೆಗೆ ಓಟ. ಹಾಗೆ ಓದಿ ಬ್ಯಾಂಕು, ವಕೀಲಿಕೆ, ಪತ್ರಿಕೆ ಅಂತ ಹೋದವರು ಎಷ್ಟೋ ಜನ. ಮಾವ ಹೋಟೆಲಿನಲ್ಲೇ ಉಳಿದರು. ಕೊನೆಗೆ ಲಾಲ್‌ಬಾಗಿನಲ್ಲಿ ಬಟ್ಟೆ ಮಿಲ್ಲುಗಳ ನಡುವೆ ಸ್ವಂತದ್ದೊಂದು ಸಣ್ಣ ಹೋಟೆಲು ಹಾಕಿದರು.

"ಹೆಣ್ಣೇ, ನಿನಗೊಂದು ತೋರಿಸ್ತೇನೆ" ಅಂತ ಎದ್ದು ಹೋಗಿ ಕಪಾಟಿನಿಂದ ಒಂದು ಪುಸ್ತಕ ತಂದರು. ಕೆಂಪು ಬಟ್ಟೆಯ ರಟ್ಟು, ಉದ್ದಕ್ಕೆ ಮಡಚುವಂಥದು. ಮಿಲ್ಲಿನವರ ಉದ್ರಿ ಪುಸ್ತಕ. ಒಳಗೆ ಮಾವನ ಕನ್ನಡ ಅಕ್ಷರ, ಪೆನ್ಸಿಲ್ಲಿನದು. ಎಡಕ್ಕೆ ಹೆಸರು, ಅದರ ಕೆಳಗೆ ಸಣ್ಣದಾಗಿ ಊರು: ಸಾತಾರಾ, ಸಾಂಗ್ಲಿ, ಕಣಕವಲಿ. ಬಲಕ್ಕೆ ತಿಂದದ್ದು. 2 ಚಾ. 1 ಉಸಳ್, 2 ಪಾವ್. 1 ಚಾ. ಸಂಬಳದ ದಿನ ದುಡ್ಡು ಬಂದರೆ ಹೆಸರಿನ ಮೇಲೆ ನೀಲಿ ಗೆರೆ.

1982ರ ಜನವರಿ 18ಕ್ಕೆ ಮಿಲ್ಲುಗಳ ಮುಷ್ಕರ ಶುರುವಾಯಿತು. ದತ್ತಾ ಸಾಮಂತ್ ಮುಂದಾಳು, ಹೊರಗೆ ಬಂದವರು ಸುಮಾರು ಎರಡೂವರೆ ಲಕ್ಷ ಕೆಲಸಗಾರರು. ವಾರ, ಹದಿನೈದು ದಿನದಲ್ಲಿ ಮುಗಿಯುತ್ತದೆ ಅಂತ ಎಲ್ಲರ ಲೆಕ್ಕವಾಗಿತ್ತಂತೆ. ಮಾವ ಉದ್ರಿ ನಿಲ್ಲಿಸಲಿಲ್ಲ. ವರ್ಷ ದಾಟಿತು. ಮುಷ್ಕರವನ್ನು ಯಾರೂ ಹಿಂತೆಗೆದುಕೊಂಡದ್ದೇ ಇಲ್ಲ, ಮಿಲ್ಲುಗಳೇ ಒಂದೊಂದಾಗಿ ಮುಚ್ಚಿದವು. ಜನ ಗಂಟುಮೂಟೆ ಕಟ್ಟಿ ಊರಿಗೆ ಹೋದರು. ಪುಸ್ತಕದ ಕೊನೆಯ ಪುಟಗಳಲ್ಲಿ, ಒಂದನ್ನು ಬಿಟ್ಟರೆ, ನೀಲಿ ಗೆರೆಯೇ ಇಲ್ಲ.

"ಇದನ್ನು ಯಾಕೆ ಇಟ್ಟುಕೊಂಡಿದ್ದೀರಿ ಮಾವ?" ಕೇಳಿದೆ.

"ಯಾರಾದರೂ ಬಂದರೆ ಲೆಕ್ಕ ಬೇಕಲ್ಲ" ಅಂದರು. ಒಬ್ಬ ಬಂದಿದ್ದನಂತೆ, ಎಷ್ಟೋ ವರ್ಷದ ಮೇಲೆ, ಸಾಂಗ್ಲಿ ಕಡೆಯವನು. ಹೋಟೆಲು ಆಗಲೇ ಮಾರಿ ಆಗಿತ್ತು, ವಿಳಾಸ ಹುಡುಕಿಕೊಂಡು ಡೊಂಬಿವಲಿಗೇ ಬಂದ. ಒಂದು ಬೆಲ್ಲದ ಅಚ್ಚು, ಮಡಚಿದ ನೋಟು. ಮಾವ ಆ ಪುಟ ತೆಗೆದು ತೋರಿಸಿದರು. ಪೆನ್ಸಿಲ್ ಅಕ್ಷರ ಮಾಸಿದೆ, ಮೇಲಿನ ನೀಲಿ ಗೆರೆ ಹೊಸದಾಗಿ ಕಾಣುತ್ತದೆ. ನಾನು ಬೆರಳಿಟ್ಟು ನೋಡಿದೆ.

ಹೊರಡುವಾಗ ಐನೂರರ ಒಂದು ನೋಟು ನನ್ನ ಕೈಗೆ ಹಾಕಿದರು. "ಆನೆಗುಡ್ಡೆಗೆ ಹೋದಾಗ ನನ್ನ ಹೆಸರಲ್ಲಿ ಪಂಚಕಜ್ಜಾಯ ಮಾಡಿಸು. ನನಗೆ ಇನ್ನು ರೈಲು ಹತ್ತಲಿಕ್ಕೆ ಆಗ್ಲಿಕ್ಕಿಲ್ಲ." ಕಾಲಿಗೆ ಬಿದ್ದೆ. ತಲೆಯ ಮೇಲೆ ಕೈಯಿಟ್ಟವರು ಬೇಗ ತೆಗೆಯಲಿಲ್ಲ.

ಸಂಜೆ ಮುಂಬೈ ಕಡೆಯ ಗಾಡಿ ಖಾಲಿ. ಎದುರಿನಿಂದ ಬರುವ ಒಂದೊಂದು ಗಾಡಿಯ ಬಾಗಿಲಲ್ಲೂ ಜನ ನೇತಾಡುತ್ತಿದ್ದರು, ಮನೆಗೆ ಹೋಗುವವರು.

ಶುಕ್ರವಾರ

ಗಂಟು ಕಟ್ಟುವ ದಿನ. ಬರುವಾಗ ಒಂದು ಸೂಟ್‌ಕೇಸು ತಂದಿದ್ದೆ, ಹೋಗುವಾಗ ಎರಡು ಸೂಟ್‌ಕೇಸು, ಒಂದು ಕೈಚೀಲ.

ಮನೆಗೆಲಸದ ಮಾವಶಿ ಪಾತ್ರೆ ತೊಳೆದು ಮುಗಿಸಿ ಸೆರಗಿಗೆ ಕೈ ಒರೆಸಿಕೊಂಡು ನನ್ನ ಪಕ್ಕ ನೆಲದ ಮೇಲೆ ಕೂತಳು. ಅವಳ ಮಾತು ಮರಾಠಿ, ನನ್ನದು ಅರ್ಧ ಕನ್ನಡ ಬೆರೆಸಿದ ಹಿಂದಿ. ಇಷ್ಟು ಕಾಲ ಹಾಗೇ ನಡೆದಿದೆ. ಅವಳ ತವರು ರತ್ನಾಗಿರಿಯಿಂದ ಸ್ವಲ್ಪ ಒಳಗೆ. "ನಿಮ್ಮ ಗಾಡಿ ನನ್ನ ಊರಿನ ಮೇಲೇ ಹೋಗುತ್ತದೆ. ರತ್ನಾಗಿರಿ ಬಂದಾಗ ನನಗೊಂದು ಫೋನ್ ಮಾಡಿ" ಅಂದಳು. ಯಾಕೆ ಅಂತ ಕೇಳಿದರೆ, "ಸುಮ್ನೆ" ಅಂದಳು. ನನ್ನ ಎರಡು ಹತ್ತಿ ಸೀರೆ ಕೊಟ್ಟೆ. ಅವಳು ಕೋಕಮ್ ಸಿಪ್ಪೆ ತಂದಿದ್ದಳು. ನಮ್ಮಲ್ಲೂ ಪುನರ್ಪುಳಿ ಧಾರಾಳ ಸಿಗುತ್ತದೆ. ಅದನ್ನು ಹೇಳಲಿಲ್ಲ, ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಜೋಪಾನವಾಗಿಟ್ಟೆ.

ಶನಿವಾರ

ಮೊಮ್ಮಗನಿಗೆ ಪ್ರಾಮಿಸ್ ಮಾಡಿದ್ದೆ, ಹೋಗುವ ಮುಂಚೆ ಡಬಲ್ ಡೆಕರ್ ಬಸ್ಸು, ವಿ.ಟಿ.ಯ ಹುಲಿ. ವಿಕ್ಟೋರಿಯಾ ಟರ್ಮಿನಸ್ ಸ್ಟೇಷನ್ನಿನ ಹೆಸರು ಈಗ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಅಂತ ಆಗಿದೆ, ನಮ್ಮ ಮಾವನಂಥವರ ಬಾಯಲ್ಲಿ ಈಗಲೂ ವಿ.ಟಿ.ಯೇ. ನನಗೂ ಅದೇ ರೂಢಿಯಾಗಿದೆ.

ಮುಖ್ಯ ಗೇಟಿನ ಎರಡು ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ ಇವೆ. ಸಿಂಹ ಬ್ರಿಟನ್ನಿನದು, ಹುಲಿ ನಮ್ಮದು. ಮೊಮ್ಮಗ ಎಂದೂ ಸಿಂಹದ ಕಡೆ ನೋಡುವುದಿಲ್ಲ. "ಅಮ್ಮಮ್ಮ, ಹುಲಿಗೆ ಟಾಟಾ ಮಾಡು, ನೀನು ಊರಿಗೆ ಹೋಗ್ತೀಯಲ್ಲ" ಅಂದ. ಮಾಡಿದೆ. ಎಫ್. ಡಬ್ಲ್ಯು. ಸ್ಟೀವನ್ಸ್ ನಕ್ಷೆ ಮಾಡಿ, 1878ರಲ್ಲಿ ಕೆಲಸ ಶುರುವಾಗಿ ಮುಗಿಯಲು ಹತ್ತು ವರ್ಷ ಹಿಡಿದ ಕಟ್ಟಡ ಇದು. 2004ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂಥ ಕಟ್ಟಡಗಳು ಬೇರೆ ಕಡೆಯಾದರೆ ಮ್ಯೂಸಿಯಂ ಆಗಿ ಕೂತಿರುತ್ತವೆ. ಇಲ್ಲಿ ಅದರ ಕೆಳಗೇ ದಿನಾ ಲಕ್ಷಗಟ್ಟಲೆ ಜನ ಊಟದ ಡಬ್ಬಿ ಹಿಡಿದು ಓಡುತ್ತಾರೆ. ಕಲ್ಲಿನಲ್ಲಿ ಕೆತ್ತಿದ ನವಿಲು, ಮಂಗ, ಎಲೆಬಳ್ಳಿಗಳನ್ನು ನಿಂತು ನೋಡಬೇಕೆಂದರೆ ಕಂಬಕ್ಕೆ ಒತ್ತಿಕೊಂಡು ನಿಲ್ಲಬೇಕು, ಇಲ್ಲದಿದ್ದರೆ ಜನರ ಜೊತೆ ನೀವೂ ಪ್ಲಾಟ್‌ಫಾರ್ಮಿಗೆ ಹೋಗಿಬಿಡುತ್ತೀರಿ. ನನಗೆ ಇದೇ ಸರಿ ಅನಿಸುತ್ತದೆ.

ಹಳೆಯ ಕೆಂಪು ಡೀಸೆಲ್ ಡಬಲ್ ಡೆಕರ್ 2023ರ ಸೆಪ್ಟೆಂಬರ್‌ನಲ್ಲಿ ನಿಂತವು. ಈಗಿನವು ಎಸಿ, ಕರೆಂಟಿನವು. ಮಹಡಿಯ ಮುಂದಿನ ಸೀಟಿಗಾಗಿ ಒಂದು ಬಸ್ಸು ಬಿಟ್ಟು ಇನ್ನೊಂದು ಹತ್ತಿದೆವು. ಮರದ ಕೊಂಬೆ ಗಾಜಿಗೆ ತಾಗಿದಾಗಲೆಲ್ಲ ಅವನು ತಲೆ ಬಗ್ಗಿಸಿದ.

ನರಿಮನ್ ಪಾಯಿಂಟ್ ತನಕ ಹೋಗಿ, ಮಗಳು ಅಳಿಯ ಅವನನ್ನು ಕರೆದುಕೊಂಡು ಮನೆಗೆ ಹೊರಟರು. "ನೀವು ನಡೀರಿ, ನಾನು ಆಮೇಲೆ ಬರ್ತೇನೆ" ಅಂದೆ. ಮಗಳು ಏನೂ ಕೇಳಲಿಲ್ಲ. "ಊಟಕ್ಕೆ ಕಾಯ್ತೇವೆ" ಅಂದಳಷ್ಟೇ.

ಮರೀನ್ ಡ್ರೈವಿನ ಕಟ್ಟೆಯ ಮೇಲೆ ಸಮುದ್ರಕ್ಕೆ ಮುಖ ಮಾಡಿ ಕೂತೆ. ಬೆನ್ನ ಹಿಂದೆ 1930ರ, 40ರ ದಶಕದ ಆರ್ಟ್ ಡೆಕೋ ಮನೆಗಳ ಸಾಲು. ಅದೂ 2018ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಈ ರಸ್ತೆ, ಈ ಮನೆಗಳು ನಿಂತಿರುವ ನೆಲವನ್ನೇ ಸಮುದ್ರದಿಂದ ಗಳಿಸಿದ್ದು. ಕೆಳಗೆ ಕಾಂಕ್ರೀಟಿನ ನಾಲ್ಕು ಕಾಲಿನ ದಿಮ್ಮಿಗಳ ಮೇಲೆ ಅಲೆ ಹೊಡೆಯುತ್ತಿತ್ತು. ಫೆಬ್ರವರಿಯ ಸಂಜೆ, ಬೆವರಿಲ್ಲ. ಸೈಕಲ್ಲಿನ ಚಹಾದವನ ಹತ್ತಿರ ಕಟಿಂಗ್ ತಗೊಂಡೆ.

ಸ್ವಲ್ಪ ದೂರದಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಆಫೀಸಿನ ಬ್ಯಾಗು, ಫೋನ್ ಕೆಳಗಿಟ್ಟಿದ್ದಳು. ಅಳುತ್ತಿದ್ದಳು, ಮುಖ ಮುಚ್ಚಿಕೊಳ್ಳದೆ. ಹಿಂದೆ ನೂರಾರು ಜನ ನಡೆದು ಹೋಗುತ್ತಿದ್ದರು. ಯಾರೂ ನಿಂತು ನೋಡಲಿಲ್ಲ. ಊರಾಗಿದ್ದರೆ ನಾನೇ ಹೋಗಿ, ಏನಾಯ್ತು ಮಗಾ, ಯಾರ ಮನೆಯವಳು ಅಂತ ಕೇಳದೆ ಬಿಡುತ್ತಿರಲಿಲ್ಲ. ಕೇಳಲಿಲ್ಲ. ನನ್ನ ನೀರಿನ ಬಾಟಲಿಯನ್ನು ಕಟ್ಟೆಯ ಮೇಲೆ ಅವಳ ಕಡೆ ಸರಿಸಿದೆ. ಅವಳು ನೋಡಿದಳು, ಕುಡಿದಳು, ಮುಚ್ಚಳ ಹಾಕಿ ವಾಪಸ್ ಸರಿಸಿದಳು. "ಥ್ಯಾಂಕ್ಯೂ ಆಂಟಿ." ಅಷ್ಟೇ ನಮ್ಮ ಮಾತು. ಇಬ್ಬರೂ ಆಮೇಲೂ ಬಹಳ ಹೊತ್ತು ಅಲ್ಲೇ ಕೂತಿದ್ದೆವು. ದೀಪಗಳು ಹತ್ತಿಕೊಂಡ ಮೇಲೆ ಅವಳು ಎದ್ದು ಚರ್ಚ್‌ಗೇಟ್ ಕಡೆ ನಡೆದಳು.

ಈ ನಗರ ಕಲ್ಲು, ಯಾರು ಸತ್ತರೂ ಯಾರಿಗೂ ಬೇಡ ಅಂತ ಬೈಯುವವರನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಅಳುವುದಕ್ಕೂ ಒಂದು ಜಾಗ ಬೇಕಲ್ಲ. ಇಲ್ಲಿ ಮೂರು ಕಿಲೋಮೀಟರಿಗಿಂತ ಉದ್ದದ ಕಟ್ಟೆಯೇ ಇದೆ.

ಭಾನುವಾರ

ನಿದ್ದೆ ಬರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಫೈವ್ ಗಾರ್ಡನ್ಸ್‌ಗೆ ಹೋದೆ.

ದಿನಾ ಹೋಗುವ ಜಾಗ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಕೇರಿಗಳಲ್ಲಿ ಜನ ಸತ್ತರು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿ, ದಾದರ್, ಮಾಟುಂಗಾ, ವಡಾಲಾ, ಸಾಯನ್ ಕಡೆ ಅಗಲ ರಸ್ತೆಯ ಹೊಸ ಬಡಾವಣೆ ಹಾಕಿದರು. ಪಕ್ಕದ ಪಾರ್ಸಿ ಕಾಲೋನಿ, ಈ ತೋಟಗಳು ಎಲ್ಲ ಆ ಕೆಲಸದಿಂದಲೇ ಬಂದವು. ಮಂಚೆರ್ಜಿ ಜೋಶಿ ಎಂಬ ಪಾರ್ಸಿ ಎಂಜಿನಿಯರ್ ಮುಂದೆ ನಿಂತು ಮಾಡಿಸಿದ್ದು, ತೋಟಗಳಿಗೆ ಅವರದೇ ಹೆಸರು. ಆಗ ನೆಟ್ಟ ಮರಗಳ ನೆರಳಲ್ಲೇ ನಾನು ಇಷ್ಟು ಕಾಲ ನಡೆದೆ. ಮಗುವನ್ನು ಮೊದಲ ಸಲ ಹುಲ್ಲಿನ ಮೇಲೆ ಬಿಟ್ಟದ್ದೂ ಇಲ್ಲೇ. ಅವನು ಹುಲ್ಲಿಗೆ ಹೆದರಿ ಕಾಲು ಮೇಲೆ ಎತ್ತಿಕೊಂಡಿದ್ದ.

ಬೆಳಿಗ್ಗೆ ನಡೆಯಲು ಬರುವ ಹೆಂಗಸರು ಐದಾರು ಜನ ನನಗೆ ಮುಖ ಪರಿಚಯ. ಹೆಸರು ಗೊತ್ತಿಲ್ಲ. ನಗುತ್ತೇವೆ, ಒಂದು ದಿನ ಕಾಣದಿದ್ದರೆ ಮಾರನೇ ದಿನ "ಕಲ್ ನಹೀ ಆಯೇ?" ಅನ್ನುತ್ತೇವೆ. ಇವತ್ತು ಎದುರಾದ ಒಬ್ಬ ಪಾರ್ಸಿ ಅಜ್ಜಿಗೆ, ನಾಳೆಯಿಂದ ಬರುವುದಿಲ್ಲ, ಊರಿಗೆ ಹೋಗುತ್ತಿದ್ದೇನೆ ಅಂದೆ. ಅವರು ಊರುಗೋಲನ್ನು ಎಡಗೈಗೆ ಬದಲಿಸಿ, ಬಲಗೈ ನನ್ನ ಕೆನ್ನೆಗೆ ಇಟ್ಟರು. ನನಗೆ ಆಗ ಅಳು ಬಂತು. ಅಲ್ಲಿಯ ತನಕ ಬಂದಿರಲಿಲ್ಲ.

ಮನೆಯವರೆಲ್ಲ ಎದ್ದ ಮೇಲೆ ರಾಮಾಶ್ರಯಕ್ಕೆ ಹೋದೆವು. 1939ರಿಂದ ಇರುವ ಹೋಟೆಲು, ಭಾನುವಾರ ಹೊರಗೆ ರಸ್ತೆಯ ತನಕ ಸಾಲು. ಇಡ್ಲಿ, ಉಪ್ಪಿಟ್ಟು, ಅನಾನಸ್ ಶಿರಾ. ಮೊಮ್ಮಗ ಶಿರಾದ ಒಳಗಿನ ಹಣ್ಣಿನ ಚೂರುಗಳನ್ನೆಲ್ಲ ಹೆಕ್ಕಿ ನನ್ನ ತಟ್ಟೆಗೆ ಹಾಕಿದ. ಅವನಿಗೆ ಅದು ಇಷ್ಟವಿಲ್ಲ, ನನಗೆ ಇಷ್ಟ ಅಂತ ಅವನಿಗೆ ಗೊತ್ತು. ಇನ್ನು ಅದನ್ನು ಯಾರ ತಟ್ಟೆಗೆ ಹಾಕುತ್ತಾನೆ?

ಮಧ್ಯಾಹ್ನದ ಊಟ ಮಗಳೇ ಮಾಡಿದಳು. ನಾನು ಒಲೆಯ ಹತ್ತಿರ ಹೋದರೆ ಬಿಡಲಿಲ್ಲ. ಚಪಾತಿ, ಪಲ್ಯ ಕಟ್ಟಿಕೊಟ್ಟಳು. ಕಟ್ಟುವಾಗ ಅವಳ ಮೂಗು ಕೆಂಪಾಗಿತ್ತು. ಚಿಕ್ಕಂದಿನಿಂದ ಹಾಗೇ, ಅಳು ತಡೆದರೆ ಮೂಗಿನ ತುದಿ ಕೆಂಪಾಗುತ್ತದೆ. "ಅಮ್ಮ, ನೀನು ಇಲ್ಲಿದ್ದಾಗ ನಾನು ಒಂದು ದಿನವೂ ಕೂತು ನಿನ್ನ ಹತ್ತಿರ ಮಾತಾಡಲಿಲ್ಲ ಅಲ್ವಾ? ಬರೀ ಆಫೀಸು" ಅಂದಳು. "ನೀನು ಆಫೀಸಿಗೆ ಹೋದದ್ದರಿಂದಲೇ ನಾನು ಮುಂಬೈ ನೋಡಿದೆ" ಅಂದೆ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಮಗುವನ್ನು ಶಾಲೆಗೆ ಬಿಟ್ಟ ಮೇಲಿನ ಆ ಮೂರು ನಾಲ್ಕು ಗಂಟೆಗಳಲ್ಲೇ ನಾನು ಈ ಊರನ್ನು ನನ್ನದು ಮಾಡಿಕೊಂಡದ್ದು.

ಭಾನುವಾರ ಹಳಿ ರಿಪೇರಿಗೆಂದು ಲೋಕಲ್‌ಗಳಿಗೆ ಮೆಗಾ ಬ್ಲಾಕ್. ಟ್ಯಾಕ್ಸಿ ಮಾಡಿದೆವು. ಕಪ್ಪು ಹಳದಿ ಟ್ಯಾಕ್ಸಿಯ ಡಿಕ್ಕಿಯಲ್ಲಿ ಒಂದು ಸೂಟ್‌ಕೇಸು ಹಿಡಿಯಲಿಲ್ಲ, ಡ್ರೈವರ್ ಅದನ್ನು ಮೇಲಿನ ಕ್ಯಾರಿಯರ್‌ಗೆ ಹಗ್ಗ ಹಾಕಿ ಕಟ್ಟಿದರು. ಗುಜರಾತಿ ಅಜ್ಜಿ ಮಹಡಿಯ ಬಾಲ್ಕನಿಯಿಂದ ಕೂಗಿದರು, ಥೇಪ್ಲಾ ಚೀಲದಲ್ಲಿ ಇಟ್ಟುಕೊಂಡಿರಾ? ಇಟ್ಟುಕೊಂಡೆ ಅಂತ ಎತ್ತಿ ತೋರಿಸಿದೆ. ಕಿಂಗ್ಸ್ ಸರ್ಕಲ್, ಸಾಯನ್, ಕುರ್ಲಾ. ದಾರಿಯಲ್ಲಿ ಯಾರೂ ಮಾತಾಡಲಿಲ್ಲ, ಮೊಮ್ಮಗನನ್ನು ಬಿಟ್ಟು.

ಅವನಿಗೆ ಎಂಜಿನ್ ನೋಡಬೇಕಿತ್ತು. ನನ್ನ ಎಸಿ ಡಬ್ಬಿಯಿಂದ ಎಂಜಿನ್ ಬಹಳ ದೂರ. ಅಳಿಯ ಸಾಮಾನು ಒಳಗಿಡುವಷ್ಟರಲ್ಲಿ ನಾನೇ ಅವನ ಕೈ ಹಿಡಿದು ನಡೆದೆ. ನೋಡಿದ, ಎಷ್ಟು ಗಾಲಿ ಅಂತ ಎಣಿಸಿದ. ವಾಪಸ್ ಬರುವಾಗ ಕೇಳಿದ, "ಅಮ್ಮಮ್ಮ, ನಾಳೆ ಶಾಲೆ ಬಿಟ್ಟಾಗ ಬಸ್ಸಿನ ಹತ್ತಿರ ಯಾರು ಬರ್ತಾರೆ?" ಅಮ್ಮ ಬರ್ತಾಳೆ ಅಂದೆ. "ಮತ್ತೆ ನೀನು?" ನಾನು ಊರಲ್ಲಿ ಅಜ್ಜನ ಹತ್ತಿರ ಇರ್ತೇನೆ, ನೀನು ಮೇ ರಜೆಗೆ ಬಾ, ಕರು ತೋರಿಸ್ತೇನೆ. ಸ್ವಲ್ಪ ಯೋಚನೆ ಮಾಡಿದ. ನನ್ನ ಬೆರಳು ಹಿಡಿದ ಕೈ ಬಿಗಿಯಾಯಿತು. ಬಾಗಿಲಿನ ಹತ್ತಿರ ಬಂದ ಮೇಲೂ ಬಿಡಲಿಲ್ಲ. ಅಳಿಯ ಒಂದೊಂದೇ ಬೆರಳು ಬಿಡಿಸಿ ಅವನನ್ನು ಎತ್ತಿಕೊಂಡ.

ಎಸಿ ಡಬ್ಬಿಯ ಗಾಜು ಹೊರಗಿನಿಂದ ಕಪ್ಪಾಗಿ ಕಾಣುತ್ತದೆ. ನನಗೆ ಅವರು ಕಾಣುತ್ತಿದ್ದರು, ಅವರಿಗೆ ನಾನು ಕಾಣುತ್ತಿರಲಿಲ್ಲ. ಗಾಡಿ ಅಲುಗಿತು. ಮೊಮ್ಮಗ ಅಪ್ಪನ ಹೆಗಲ ಮೇಲಿಂದ ಎರಡೂ ಕೈ ಬೀಸುತ್ತಿದ್ದ, ನನ್ನ ಕಿಟಕಿಗಲ್ಲ, ಪಕ್ಕದ ಕಿಟಕಿಗೆ. ನಾನು ಗಾಜು ಬಡಿದೆ. ಕೇಳಿಸಲಿಲ್ಲ. ಪಕ್ಕದ ಕಿಟಕಿಯಲ್ಲಿ ಕೂತಿದ್ದ ಯಾರೋ ಹೆಂಗಸು ಅವನಿಗೆ ಕೈ ಬೀಸುತ್ತಿದ್ದಳು, ಪ್ಲಾಟ್‌ಫಾರ್ಮ್ ಮುಗಿಯುವ ತನಕ.

ಪನ್ವೇಲ್ ಬರುವ ಹೊತ್ತಿಗೆ ಆ ಹೆಂಗಸು ಎದ್ದು ನನ್ನ ಎದುರಿನ ಸೀಟಿಗೆ ಬಂದರು. "ನಿಮ್ಮ ಮೊಮ್ಮಗನಾ ಅದು? ನನಗೆ ಗೊತ್ತಿತ್ತು ನನಗಲ್ಲ ಅಂತ. ಮಗು ಬೇಜಾರು ಮಾಡ್ಬಾರ್ದಲ್ಲ ಅಂತ ಕೈ ಮಾಡಿದೆ." ಬೈಂದೂರಿನವರಂತೆ. ಆಮೇಲೆ ಶುರುವಾಯಿತು. ಊರು ಎಲ್ಲಾಯ್ತು? ಯಾರ ಮನೆ? ತೋಟ ಎಷ್ಟಿದೆ? ಮಗಳು ಒಬ್ಬಳೇನಾ? ಅಳಿಯ ಯಾವ ಕಡೆಯವರು? ನಿಮ್ಮನೆಯವರು ಕರೆದುಕೊಂಡು ಹೋಗಲಿಕ್ಕೆ ಸ್ಟೇಷನ್ನಿಗೆ ಬರ್ತಾರಾ, ಒಬ್ಬರೇ ಯಾಕೆ ಹೊರಟ್ರಿ? ಒಂದೊಂದಕ್ಕೂ ಉತ್ತರ ಹೇಳಿದೆ. ನನ್ನ ತಂಗಿಯ ಗಂಡನ ಅಣ್ಣನನ್ನು ಅವರಿಗೆ ಗೊತ್ತಿತ್ತು. ಥೇಪ್ಲಾ ಬಿಚ್ಚಿದೆವು, ಅವರು ಮಾವಿನಕಾಯಿ ಉಪ್ಪಿನಕಾಯಿ ತೆಗೆದರು.

ರೋಹಾದಿಂದ ಕೊಂಕಣ ರೈಲ್ವೆ. 1998ರ ಜನವರಿಯಲ್ಲಿ ಈ ದಾರಿ ಪೂರ್ತಿ ತೆರೆಯುವ ತನಕ ನಮ್ಮವರು ಮುಂಬೈಗೆ ಬಸ್ಸಿನಲ್ಲೇ ಹೋಗಿ ಬರಬೇಕಿತ್ತು. ಈಗ ಒಂದು ರಾತ್ರಿ ಮಲಗಿ ಎದ್ದರೆ ಮನೆ. ಸುರಂಗ ಬಂದಾಗಲೆಲ್ಲ ಮಾತು ನಿಲ್ಲುತ್ತಿತ್ತು, ಹೊರಗೆ ಬಂದ ಕೂಡಲೇ ಅವರು ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು.

ರತ್ನಾಗಿರಿಯಲ್ಲಿ ಗಾಡಿ ನಿಂತಾಗ ಕೆಳಗಿಳಿದು ಮಾವಶಿಗೆ ಫೋನ್ ಮಾಡಿದೆ. ಅವಳು ಕೂಡಲೇ ಎತ್ತಿದಳು, ಕೈಯಲ್ಲೇ ಹಿಡಿದಿದ್ದಳೋ ಏನೋ. "ಗಾಡಿ ವೇಳೇವರ್ ಆಹೇ ಕಾ?" ಸ್ವಲ್ಪ ಲೇಟು ಅಂದೆ. ಪ್ಲಾಟ್‌ಫಾರ್ಮಿನಲ್ಲಿ ಏನು ಮಾರುತ್ತಿದ್ದಾರೆ, ಜನ ಇದ್ದಾರಾ, ಸೆಖೆ ಇದೆಯಾ ಅಂತ ಕೇಳಿದಳು. ಒಂದೊಂದೇ ನೋಡಿ ನೋಡಿ ಹೇಳಿದೆ, ಗಾಡಿ ಸೀಟಿ ಹಾಕುವ ತನಕ.